ಗೆಲುವು ಯಾರದು?

ದಕ್ಷಿಣ ಕನ್ನಡದ ಕಂಬಳವನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕೆಸರುಗದ್ದೆಯ ಓಟ ಮುಗಿದ ಮೇಲೆ ಮೊದಲು ಕೂಗಿ ಹೇಳುವುದು ಕೋಣಗಳ ಯಜಮಾನನ ಊರು, ಮನೆ ಮತ್ತು ಹೆಸರನ್ನು. ಕೋಣಗಳ ಹಿಂದೆ ಉಸಿರುಗಟ್ಟಿ ಓಡಿದವನ ಹೆಸರು ಬರುವುದು ಅನಂತರ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಮೈಗೆ ಎಣ್ಣೆ ತಿಕ್ಕಿಸಿ ಕೋಣಗಳನ್ನು ಸಾಕಿದವನು ಯಜಮಾನ. ಅವನ ಹೆಸರು ಮೊದಲು ಬಂದರೆ ಅದನ್ನು ಅನ್ಯಾಯವೆನ್ನಲಾಗದು. ಆದರೆ ಓಡಿಸುವವನು ಇಲ್ಲದಿದ್ದರೆ ಕೋಣಗಳು ಗದ್ದೆಯ ಆ ತುದಿಯನ್ನು ಮುಟ್ಟುತ್ತಿದ್ದವೆ? ಗದ್ದೆಯ ಬದಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಮೋಟಾರು ಸೈಕಲ್ ಪಂದ್ಯಗಳ ಜಗತ್ತಿನಲ್ಲಾದರೋ ಇದೇ ಪ್ರಶ್ನೆಯನ್ನು ಎಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದಾರೆ. ಸ್ನೇಹಗಳು ಮುರಿದಿವೆ, ಕರಾರುಗಳು ಹರಿದಿವೆ, ಉತ್ತರ ಮಾತ್ರ ಸಿಕ್ಕಿಲ್ಲ.

ನಮ್ಮ ಕಾಲೇಜಿನಲ್ಲಿ ಈ ಪಂದ್ಯಗಳನ್ನು ಟೆಲಿವಿಷನ್ನಿನಲ್ಲೋ ಫೋನಿನಲ್ಲೋ ಕಣ್ಣು ಕೀಳದೆ ನೋಡುವ ಮಿತ್ರರು ಕಡಮೆಯೇನಿಲ್ಲ. ಅವರ ಚರ್ಚೆ ಯಾವಾಗಲೂ ಒಂದೇ: ರೋಸ್ಸಿ ದೊಡ್ಡವನೋ, ಮಾರ್ಕೆಸ್ ದೊಡ್ಡವನೋ? ಯಾರು ಯಾರನ್ನು ಒದ್ದರು, ಯಾರು ಯಾರಿಗೆ ದಾರಿ ಬಿಡಲಿಲ್ಲ? ಪತ್ರಿಕೆಗಳೂ ಇದನ್ನೇ ಬರೆಯುತ್ತವೆ. ಇಬ್ಬರು ಸವಾರರ ಜಗಳ ನೋಡಲು ಸೊಗಸು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪಂದ್ಯದಲ್ಲಿ ಇದಕ್ಕಿಂತ ಆಳವಾದ, ಕಣ್ಣಿಗೆ ಕಾಣದ ಇನ್ನೊಂದು ಸ್ಪರ್ಧೆ ನಡೆದಿರುತ್ತದೆ. ಅದು ಸವಾರನಿಗೂ ಅವನು ಏರಿದ ಯಂತ್ರದ ಒಡೆಯನಿಗೂ ನಡುವೆ ನಡೆಯುವ ಸ್ಪರ್ಧೆ. ಒಂದೇ ರಥದ ಮೇಲೆ ಕುಳಿತು ಕರ್ಣನೂ ಶಲ್ಯನೂ ಕಾದಾಡಿದರಷ್ಟೆ! ಇದೂ ಆ ಬಗೆಯದೇ.

ವಿಷಯದ ಪರಿಚಯವಿಲ್ಲದ ಅಧ್ಯಾಪಕ ಮಹನೀಯರ ಸಲುವಾಗಿ ಎರಡು ಮಾತು. ಮೋಟಾರು ಸೈಕಲ್ಲಿನ ವಿಶ್ವ ಚಾಂಪಿಯನ್ ಪಂದ್ಯಮಾಲೆ 1949ರಲ್ಲಿ ಮೊದಲಾಯಿತು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ 125, 250, 350, 500 ಸಿ.ಸಿ. ಎಂದು ಬೇರೆ ಬೇರೆ ವರ್ಗಗಳಿದ್ದವು. 1962ರಲ್ಲಿ 50 ಸಿ.ಸಿ.ಯೂ ಸೇರಿತು. ವರ್ಷವಿಡೀ ಬೇರೆ ಬೇರೆ ದೇಶಗಳಲ್ಲಿ ಓಟಗಳು. ನಾನು ಮುಖ್ಯವಾಗಿ ಹೇಳಹೊರಟಿರುವ 1960ರ ದಶಕದಲ್ಲಿ ಮೊದಲು ಬಂದವನಿಗೆ 8 ಅಂಕ, ಎರಡನೆಯವನಿಗೆ 6. ಸವಾರನ ಅತ್ಯುತ್ತಮವಾದ ಕೆಲವು ಓಟಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈ ಲೆಕ್ಕವನ್ನು ಬರೆಯುವುದು ಎರಡು ಪಟ್ಟಿಗಳಲ್ಲಿ: ಒಂದು ಸವಾರರದು, ಇನ್ನೊಂದು ತಯಾರಕರದು. ಎರಡೂ ಒಂದೇ ಓಟದಿಂದ ಹುಟ್ಟಿದರೂ ಒಂದೇ ಉತ್ತರವನ್ನು ಕೊಡಬೇಕೆಂದಿಲ್ಲ.

1966ನೆಯ ವರ್ಷವನ್ನೇ ನೋಡಿ. ಆ ವರ್ಷ ಜಪಾನಿನ ಹೋಂಡಾ ಕಂಪನಿ ತಯಾರಕರ ಪಟ್ಟಿಯಲ್ಲಿ ಐದಕ್ಕೆ ಐದು ವರ್ಗಗಳನ್ನೂ ಗೆದ್ದುಕೊಂಡಿತು. 1959ರಲ್ಲಿ ಮೊದಲ ಬಾರಿಗೆ ಮ್ಯಾನ್ ದ್ವೀಪದ ಟಿ.ಟಿ. ಪಂದ್ಯಕ್ಕೆ ಬಂದ ಕಂಪನಿ ಏಳು ವರ್ಷಗಳಲ್ಲಿ ಏರಿದ ಎತ್ತರ ಅದು. ಆದರೆ ಎಲ್ಲಕ್ಕಿಂತ ದೊಡ್ಡದಾದ 500 ಸಿ.ಸಿ. ವರ್ಗದಲ್ಲಿ ಸವಾರನ ಪಟ್ಟ ಹೋದದ್ದು ಇಟಲಿಯ ಎಂ.ವಿ. ಅಗುಸ್ತಾ ಕಂಪನಿಯ ಜಿಯಾಕೊಮೊ ಅಗೊಸ್ತಿನಿಗೆ. ಇದು ಹೇಗೆ? ಹೋಂಡಾದ ಏರ್ಪಾಡಿನಂತೆ 500ರಲ್ಲಿ ಜಿಮ್ ರೆಡ್‌ಮನ್ ಮುಂದಿರಬೇಕಾಗಿತ್ತು. ಅವನು ಮೊದಲ ಎರಡು ಓಟಗಳನ್ನು ಗೆದ್ದ. ಮೂರನೆಯದರಲ್ಲಿ, ಬೆಲ್ಜಿಯಮ್ಮಿನ ಸ್ಪಾದಲ್ಲಿ, ಮಳೆಯಲ್ಲಿ ಬಿದ್ದು ಕೈ ಮುರಿದುಕೊಂಡ. ಆಮೇಲೆ ಮೈಕ್ ಹೇಲ್‌ವುಡ್ ಮೂರನ್ನು ಗೆದ್ದ. ಕಂಪನಿಯ ಪಟ್ಟಿಯಲ್ಲಿ ಎರಡೂ ಮೂರೂ ಸೇರಿ ಐದಾದವು. ಸವಾರರ ಪಟ್ಟಿಯಲ್ಲಿ ಎರಡು ಎರಡೇ, ಮೂರು ಮೂರೇ! ಆ ವರ್ಷದ ಒಂಬತ್ತು ಓಟಗಳಲ್ಲಿ ಮೂರನ್ನು ಅಗೊಸ್ತಿನಿ ಗೆದ್ದ. ಉಳಿದ ಒಂದನ್ನು, ಪೂರ್ವ ಜರ್ಮನಿಯಲ್ಲಿ, ಝೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಷ್ಟ್ಯಾಸ್ಟ್ನಿ ಜಾವಾ ಯಂತ್ರದ ಮೇಲೆ ಗೆದ್ದ. ಜಾವಾ ಎಂದೊಡನೆ ಮೈಸೂರಿನ ಕಡೆಯ ಮಿತ್ರರ ಕಿವಿ ನೆಟ್ಟಗಾದೀತು. ಹೌದು, ಆ ಕಂಪನಿಯ ಸಹಕಾರದಿಂದಲೇ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಕೆಲಸ ಆರಂಭಿಸಿ 1996ರವರೆಗೆ ನಡೆಯಿತು. ಆದರೆ ನಮ್ಮ ಬೀದಿಗಳಲ್ಲಿ ಡುಗುಡುಗು ಎಂದು ಓಡಿದ ಗಾಡಿಗೂ ಆ ಓಟದ ಯಂತ್ರಕ್ಕೂ ಹೆಸರೊಂದನ್ನು ಬಿಟ್ಟರೆ ಹೆಚ್ಚಿನ ನಂಟಿಲ್ಲ.

ಇರಲಿ. ಒಂದೇ ಓಟಕ್ಕೆ ಎರಡು ಪಟ್ಟಿಗಳಿರುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ತಯಾರಕನಿಗೆ ಅವನ ಪಾಲು ಸಲ್ಲಲಿ. ತಕರಾರು ಹುಟ್ಟುವುದು ತಯಾರಕನು ತನ್ನ ಪಟ್ಟಿಯನ್ನು ಬಿಟ್ಟು ಸವಾರನ ಪಟ್ಟಿಗೂ ಕೈ ಹಾಕಿದಾಗ. ಯಂತ್ರ ಕಂಪನಿಯದು, ಹಣ ಕಂಪನಿಯದು, ಒಪ್ಪಿದೆ. ಯಾರು ಮೊದಲು ಬರಬೇಕೆಂಬುದನ್ನು ಓಟಕ್ಕೆ ಮುಂಚೆಯೇ ನಿಶ್ಚಯಿಸುವ ಹಕ್ಕೂ ಕಂಪನಿಯದೇ? ಅಲ್ಲವೆಂಬುದು ನನ್ನ ವಾದ.

ಈ ವ್ಯಾಜ್ಯದಲ್ಲಿ ಮೊದಲ ದೊಡ್ಡ ಫಿರ್ಯಾದಿ ಇಂಗ್ಲೆಂಡಿನ ಜಾನ್ ಸರ್ಟೀಸ್. 1957ರ ಕೊನೆಗೆ ಇಟಲಿಯ ಗಿಲೆರಾ, ಮೊಂಡಿಯಾಲ್, ಮೋಟೊ ಗುಜ್ಜಿ ಕಂಪನಿಗಳು ಖರ್ಚು ಹೆಚ್ಚಾಯಿತೆಂದು ಒಟ್ಟಿಗೆ ಪಂದ್ಯಗಳಿಂದ ಹಿಂದೆ ಸರಿದವು. ಉಳಿದದ್ದು ಕೌಂಟ್ ಡೊಮೆನಿಕೊ ಅಗುಸ್ತಾನ ಎಂ.ವಿ. ಒಂದೇ ಎಂಬಂತಾಯಿತು. 1958, 1959, 1960, ಈ ಮೂರು ವರ್ಷವೂ ನಾಲ್ಕು ವರ್ಗಗಳ ಪಟ್ಟಗಳೆಲ್ಲ ಎಂ.ವಿ. ಸವಾರರಿಗೇ ಹೋದವು, ಅವುಗಳಲ್ಲಿ 350 ಮತ್ತು 500ರವು ಸರ್ಟೀಸನವು. ಜನ ಏನೆಂದರು? ‘ಅಂಥ ಯಂತ್ರ ಕೊಟ್ಟರೆ ಯಾರಾದರೂ ಗೆದ್ದಾರು’ ಎಂದರು. ಸ್ವಾಭಿಮಾನಿಯಾದ ಸವಾರನಿಗೆ ಇದಕ್ಕಿಂತ ಕಟುವಾದ ಮಾತು ಇನ್ನೊಂದಿಲ್ಲ. ಇಂಗ್ಲೆಂಡಿನ ಸಣ್ಣ ಪಂದ್ಯಗಳಲ್ಲಿ ತನ್ನ ಸ್ವಂತ ನಾರ್ಟನ್ ಗಾಡಿಯನ್ನು ಓಡಿಸಿ, ತನ್ನಲ್ಲಿರುವುದು ಎಷ್ಟು, ಯಂತ್ರದಲ್ಲಿರುವುದು ಎಷ್ಟು ಎಂದು ತೋರಿಸಲು ಅವನು ಬಯಸಿದ. ಕೌಂಟ್ ಒಪ್ಪಲಿಲ್ಲ. ಕರಾರಿನಲ್ಲಿ ಬೇರೆ ಮೋಟಾರು ಸೈಕಲ್ಲುಗಳನ್ನು ಓಡಿಸಕೂಡದೆಂದಿತ್ತು; ಕಾರುಗಳ ಮಾತು ಇರಲಿಲ್ಲ! ಸರ್ಟೀಸ್ ಕಾರು ಹತ್ತಿದ. 1960ರ ಕೊನೆಗೆ, ಇಪ್ಪತ್ತಾರರ ಹರೆಯದಲ್ಲಿ, ಮೋಟಾರು ಸೈಕಲ್ ಪಂದ್ಯಗಳನ್ನೇ ಬಿಟ್ಟುಬಿಟ್ಟ. 1964ರಲ್ಲಿ ಫೆರಾರಿ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ. ಎರಡು ಗಾಲಿಗಳ ಮೇಲೂ ನಾಲ್ಕು ಗಾಲಿಗಳ ಮೇಲೂ ಆ ಪಟ್ಟ ಪಡೆದವನು ಇಂದಿನವರೆಗೆ ಅವನೊಬ್ಬನೇ. ಯಂತ್ರದಿಂದ ಗೆದ್ದವನೆಂಬ ಮಾತಿಗೆ ಇದಕ್ಕಿಂತ ಚೆನ್ನಾದ ಉತ್ತರ ಬೇಕೆ?

ಹಾಗೆಂದು ಯಂತ್ರವನ್ನು ಹಗುರವಾಗಿ ಕಾಣುವಂತಿಲ್ಲ. 1967ರ 500 ಸಿ.ಸಿ. ಪಂದ್ಯಮಾಲೆಯನ್ನು ಕುರಿತು ಓದಿದಷ್ಟೂ ನನಗೆ ಬೇಸರವಾಗದು. ಒಂದು ಕಡೆ ಹೋಂಡಾದ ಹೇಲ್‌ವುಡ್, ಇನ್ನೊಂದು ಕಡೆ ಎಂ.ವಿ.ಯ ಅಗೊಸ್ತಿನಿ. ಹಿಂದೆ ಇಬ್ಬರೂ ಎಂ.ವಿ.ಯಲ್ಲಿ ಜೊತೆಗಾರರಾಗಿದ್ದವರು. ಹೋಂಡಾದ ಎಂಜಿನ್ನು ಬಲವಾದದ್ದು. ಅದರ ಚೌಕಟ್ಟು ಆ ಬಲವನ್ನು ತಾಳಲಾರದೆ ವೇಗದಲ್ಲಿ ಹಾವಿನಂತೆ ಹೊರಳುತ್ತಿತ್ತು. ಎಂ.ವಿ.ಯದು ಬಲ ಸ್ವಲ್ಪ ಕಡಮೆ, ನಡೆ ನೇರ. ಹತ್ತು ಓಟಗಳಲ್ಲಿ ಇವನು ಐದು ಗೆದ್ದ, ಅವನು ಐದು ಗೆದ್ದ. ಮೂರನೆಯವನಿಗೆ ಒಂದೂ ಸಿಗಲಿಲ್ಲ.

ಮ್ಯಾನ್ ದ್ವೀಪದ ಓಟ ಆ ವರ್ಷದ ಮುಕುಟಮಣಿ. ಅದು ಮೈದಾನದ ಓಟವಲ್ಲ. ಊರು, ಸೇತುವೆ, ಗುಡ್ಡಗಳ ನಡುವೆ ಹಾದು ಬರುವ ಸುಮಾರು 60 ಕಿಲೋಮೀಟರಿನ ಸಾರ್ವಜನಿಕ ರಸ್ತೆ. ಅಂಥ ಆರು ಸುತ್ತು. ಒಬ್ಬರನ್ನೊಬ್ಬರು ಕಾಣದೆ, ಗಡಿಯಾರದೊಡನೆಯೇ ಓಡಬೇಕು. ಅಗೊಸ್ತಿನಿ ಮೊದಲ ಸುತ್ತಿನಲ್ಲೇ ದಾಖಲೆ ಮುರಿದ. ಹೇಲ್‌ವುಡ್ ಎರಡನೆಯದರಲ್ಲಿ ಗಂಟೆಗೆ 108.77 ಮೈಲಿ ವೇಗದಲ್ಲಿ ಅದನ್ನೂ ಮುರಿದ. ಆ ದಾಖಲೆ 1975ರವರೆಗೆ ಯಾರ ಕೈಗೂ ಸಿಗಲಿಲ್ಲ. ಹೇಲ್‌ವುಡ್ಡನ ಯಂತ್ರದಲ್ಲಿ ವೇಗ ಹೆಚ್ಚಿಸುವ ಹಿಡಿಯೇ ಸಡಿಲವಾಗಿ ಕೈಯಲ್ಲಿ ಜಾರುತ್ತಿತ್ತು. ಅದನ್ನು ಒತ್ತಿಹಿಡಿದುಕೊಂಡೇ ಅವನು ಓಡಿಸಿದ. ಐದನೆಯ ಸುತ್ತಿನಲ್ಲಿ ಅಗೊಸ್ತಿನಿಯ ಚೈನು ತುಂಡಾಯಿತು. ಗೆಲುವು ಹೇಲ್‌ವುಡ್ಡನದಾಯಿತು.

ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಸಾಲ ತೀರಿತು. ಹೇಲ್‌ವುಡ್ ಬಹಳ ಮುಂದಿದ್ದ. ಇನ್ನು ಕೆಲವೇ ಸುತ್ತುಗಳು. ಆಗ ಗೇರು ಸಿಕ್ಕಿಕೊಂಡಿತು. ಅಗೊಸ್ತಿನಿ ಅವನನ್ನು ದಾಟಿ ಹೋದ. ಕೊನೆಯ ಓಟ ಕೆನಡಾದಲ್ಲಿ. ಹೇಲ್‌ವುಡ್ ಗೆದ್ದ, ಅಗೊಸ್ತಿನಿ ಎರಡನೆಯವನಾದ. ಅಂಕಗಳನ್ನು ಕೂಡಿಸಿದರೆ ಇಬ್ಬರಿಗೂ 46! ಗೆಲುವುಗಳು ಐದೈದು. ಎರಡನೆಯ ಸ್ಥಾನಗಳನ್ನು ಎಣಿಸಿದರು: ಅಗೊಸ್ತಿನಿಗೆ ಮೂರು, ಹೇಲ್‌ವುಡ್ಡನಿಗೆ ಎರಡು. ಪಟ್ಟ ಅಗೊಸ್ತಿನಿಗೆ. ಒಬ್ಬನ ಚೈನು, ಇನ್ನೊಬ್ಬನ ಗೇರು. ಇವುಗಳ ನಡುವೆ ಮನುಷ್ಯರ ಸಾಮರ್ಥ್ಯ ಎಲ್ಲಿ ಉಳಿಯಿತೆಂದು ಕೇಳುವವರುಂಟು. ನಾನು ಹಾಗೆ ಕೇಳಲಾರೆ. ಅದೇ ವರ್ಷ ಹಾಲೆಂಡಿನ ಅಸೆನ್ ಎಂಬಲ್ಲಿ ಒಂದೇ ದಿನ 250, 350, 500 ಮೂರೂ ವರ್ಗಗಳನ್ನು ಗೆದ್ದವನು ಹೇಲ್‌ವುಡ್. ಅವನು ಸೋತದ್ದಕ್ಕೆ ಯಾರೂ ಅವನನ್ನು ಚಿಕ್ಕವನೆನ್ನಲಿಲ್ಲ. ಅಗೊಸ್ತಿನಿ ಗೆದ್ದದ್ದನ್ನು ಯಾರೂ ಕಳ್ಳಗೆಲುವೆನ್ನಲಿಲ್ಲ. ಯಂತ್ರ ಕೈಕೊಟ್ಟಿತು, ಅಷ್ಟೆ. ಕೆಟ್ಟ ಅದೃಷ್ಟಕ್ಕೂ ಆಜ್ಞೆಗೂ ವ್ಯತ್ಯಾಸವಿದೆ.

ಆಜ್ಞೆಯ ಕಥೆ ಅದರ ಮರುವರ್ಷದ್ದು. 1968ರ ಆರಂಭದಲ್ಲಿ ಹೋಂಡಾ ಕಂಪನಿ ಮೋಟಾರು ಸೈಕಲ್ ಪಂದ್ಯಮಾಲೆಯಿಂದ ಹಿಂದೆ ಸರಿಯಿತು. ಹೇಲ್‌ವುಡ್ ಬೇರೆ ಕಂಪನಿಗೆ ಹೋಗಿ ವಿಶ್ವ ಪಂದ್ಯಗಳಲ್ಲಿ ಓಡಿಸಬಾರದೆಂದು ಅವನಿಗೆ ಹಣ ಕೊಟ್ಟು ಮನೆಯಲ್ಲಿ ಕೂರಿಸಿತು. ಓಡಿಸಲು ಸಂಬಳ ಕೊಡುವುದನ್ನು ಕೇಳಿದ್ದೇವೆ, ಓಡಿಸದಿರಲು ಸಂಬಳ! ಅವನಿಗೆ ಆಗ ವಯಸ್ಸು ಇಪ್ಪತ್ತೆಂಟು ತುಂಬಿರಲಿಲ್ಲ.

ಹೋಂಡಾ ಹೋದ ಮೇಲೆ 125 ಮತ್ತು 250ರ ವರ್ಗಗಳಲ್ಲಿ ಯಮಾಹಾವನ್ನು ಎದುರಿಸಿ ನಿಲ್ಲುವವರು ಉಳಿಯಲಿಲ್ಲ. ಯಮಾಹಾದ ಸವಾರರು ಇಬ್ಬರು, ಇಬ್ಬರೂ ಇಂಗ್ಲಿಷರು: ಫಿಲ್ ರೀಡ್ ಮತ್ತು ಬಿಲ್ ಐವಿ. ರೀಡ್ ಹಳಬ, 1964ರಲ್ಲಿ ಯಮಾಹಾಕ್ಕೆ ಮೊಟ್ಟಮೊದಲ ವಿಶ್ವ ಪಟ್ಟ ತಂದುಕೊಟ್ಟವನು. ಐವಿ ಸಣ್ಣ ಆಳು, ಉರಿಯುವ ಬೆಂಕಿ. 1967ರ 125ರ ಚಾಂಪಿಯನ್. ಎದುರಾಳಿಯಿಲ್ಲದ ಕಂಪನಿ ಏನು ಮಾಡಿತು? ಪಟ್ಟಗಳನ್ನು ಅಣ್ಣತಮ್ಮಂದಿರಿಗೆ ಆಸ್ತಿ ಹಂಚಿದಂತೆ ಹಂಚಿತು. 125ರ ಪಟ್ಟ ರೀಡನಿಗೆ, 250ರದು ಐವಿಗೆ. ತಯಾರಕರ ನಡುವಣ ಸ್ಪರ್ಧೆ ಸತ್ತಲ್ಲಿ ಸವಾರರ ನಡುವಣ ಸ್ಪರ್ಧೆಯನ್ನೂ ಕೊಲ್ಲುವ ಯೋಚನೆ ಹುಟ್ಟುತ್ತದೆ ಎಂಬುದನ್ನು ವಾಚಕರು ಗಮನಿಸಬೇಕು.

ಐವಿ ಮಾತಿಗೆ ತಕ್ಕಂತೆ ನಡೆದ. ಆ ವರ್ಷ ಮ್ಯಾನ್ ದ್ವೀಪದ 125ರ ಓಟದಲ್ಲಿ ಅವನು ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಒಂದು ಸುತ್ತು ಮುಗಿಸಿದ. ಅಷ್ಟು ಚಿಕ್ಕ ಎಂಜಿನ್ನಿನಿಂದ ಅಲ್ಲಿ ಯಾರೂ ಹಿಂದೆ ಮಾಡಿರದ ಕೆಲಸ. ಬೇಕಾದರೆ ಗೆಲ್ಲಬಲ್ಲೆನೆಂದು ತೋರಿಸಿದ ಮೇಲೆ ನಿಧಾನಿಸಿ, ರೀಡನಿಗೆ ದಾರಿ ಬಿಟ್ಟು, ಎರಡನೆಯವನಾದ. ಕೊನೆಗೆ ದಾರಿಯಲ್ಲಿ ನಿಂತು, ‘ಈಗ ಮುಂದಿರುವವರು ಯಾರು?’ ಎಂದು ಪ್ರೇಕ್ಷಕರನ್ನೇ ವಿಚಾರಿಸಿದನೆಂದೂ ಹೇಳುವುದುಂಟು. ಹೀಗೆ 125ರ ಪಟ್ಟ ರೀಡನ ಕೈಸೇರಿತು. ಸೇರಿದ ಮೇಲೆ ರೀಡ್, 250ರಲ್ಲಿಯೂ ತಾನು ಗೆಲ್ಲಲೆಂದೇ ಓಡಿಸುವುದಾಗಿ ನಿಶ್ಚಯಿಸಿದ! ಹಿಂದಿನ ವರ್ಷ 250ರ ಪಟ್ಟ ಸಮ ಅಂಕದ ಮೇಲೆ ಅವನ ಕೈತಪ್ಪಿ ಹೇಲ್‌ವುಡ್ಡನಿಗೆ ಹೋಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಋತು ಮುಗಿದಾಗ ಲೆಕ್ಕ ನೋಡಿದರೆ ವಿಚಿತ್ರ. ಇಬ್ಬರಿಗೂ 46 ಅಂಕ. ಗೆಲುವುಗಳು ಐದೈದು. ಎರಡನೆಯ ಸ್ಥಾನಗಳೂ ಸಮ. ಕೊನೆಗೆ, ಇಬ್ಬರೂ ಪೂರ್ತಿ ಮುಗಿಸಿದ ಓಟಗಳಲ್ಲಿ ಯಾರು ಎಷ್ಟು ಕಾಲ ತೆಗೆದುಕೊಂಡರೆಂದು ಕೂಡಿಸಿ ನೋಡಿದರು. ರೀಡ್ ಎರಡು ನಿಮಿಷಗಳಷ್ಟು ಮುಂದಿದ್ದ. ಪಟ್ಟ ಅವನದಾಯಿತು.

ಇಲ್ಲಿ ಯಾರದು ತಪ್ಪು? ‘ಕೊಟ್ಟ ಮಾತಿಗೆ ತಪ್ಪಿದವನು ರೀಡ್, ಇದರಲ್ಲಿ ಚರ್ಚೆಯೇನು?’ ಎಂದು ಹಿರಿಯರು ಹೇಳಿಯಾರು. ಅವರ ಮಾತನ್ನು ತಳ್ಳಿಹಾಕಲಾರೆ. ಐವಿ ಬಿಟ್ಟುಕೊಟ್ಟ 125ರ ಪಟ್ಟವನ್ನು ಜೇಬಿಗಿಳಿಸಿಕೊಂಡು, ಅದರ ಬೆಲೆ ಕೊಡುವ ಹೊತ್ತಿಗೆ ‘ಇದು ಸ್ಪರ್ಧೆ’ ಎಂದು ಧರ್ಮ ಹೇಳುವುದು ಸಜ್ಜನರ ಲಕ್ಷಣವಲ್ಲ. ಮಾತು ಮುರಿಯುವುದಿದ್ದರೆ ಋತುವಿನ ಮೊದಲಲ್ಲಿಯೇ ಮುರಿಯಬೇಕಾಗಿತ್ತು. ಆದರೆ ಈ ಇಬ್ಬರ ನಡುವೆ ಅಂಥದೊಂದು ಮಾತನ್ನು ತಂದಿಟ್ಟವರು ಯಾರು? ಕಂಪನಿಯ ಏರ್ಪಾಡಿನಿಂದಾಗಿ ಐವಿ ಗೆಲ್ಲಬಹುದಾದ ಓಟವನ್ನು ಸೋತ. ರೀಡ್ ಸೋಲಬೇಕಾದ ಓಟವನ್ನು ಗೆದ್ದ. ಇಬ್ಬರಲ್ಲಿ ಒಬ್ಬನಿಗೂ ನೇರವಾಗಿ ಓಡಿಸುವ ಅವಕಾಶ ಉಳಿಯಲಿಲ್ಲ. ದುಡ್ಡು ಕೊಟ್ಟು ಬೇಲಿಯಾಚೆ ನಿಂತು ನೋಡಿದ ಸಾವಿರಾರು ಜನರ ಮಾತಂತೂ ಇರಲಿ; ಅವರನ್ನು ಯಾರು ಕೇಳಿದರು?

‘ಸವಾರ ಸಂಬಳದ ಆಳಲ್ಲವೆ? ಯಜಮಾನ ಹೇಳಿದಂತೆ ಕೇಳುವುದು ಅವನ ಕರ್ತವ್ಯವಲ್ಲವೆ?’ ಎಂಬ ವಾದವೂ ಇದೆ. ಇದಕ್ಕೆ ನನ್ನ ಉತ್ತರ ಇಷ್ಟೆ: ಕಂಪನಿ ಪಣಕ್ಕಿಡುವುದು ಹಣವನ್ನು, ಸವಾರ ಪಣಕ್ಕಿಡುವುದು ಪ್ರಾಣವನ್ನು. ಮ್ಯಾನ್ ದ್ವೀಪದ ಆ ಒಂದು ರಸ್ತೆಯಲ್ಲಿಯೇ, ಪಂದ್ಯಗಳು ಮೊದಲಾದಂದಿನಿಂದ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. 1972ರಲ್ಲಿ ಗೆಳೆಯ ಜಿಲ್‌ಬೆರ್ಟೊ ಪಾರ್ಲೊತ್ತಿ ಅಲ್ಲಿ ಸತ್ತ ಮೇಲೆ ಅಗೊಸ್ತಿನಿ ಮತ್ತೆ ಅಲ್ಲಿ ಓಡಿಸಲೇ ಇಲ್ಲ. 1976ರ ಅನಂತರ ಆ ಓಟವನ್ನು ವಿಶ್ವ ಪಂದ್ಯಮಾಲೆಯಿಂದಲೇ ತೆಗೆದುಹಾಕಿದರು. ಇಷ್ಟು ಅಪಾಯವನ್ನು ಹೊತ್ತವನಿಗೆ ‘ನೀನು ಎರಡನೆಯವನಾಗು’ ಎಂದು ಷೆಡ್ಡಿನಲ್ಲಿ ಕುಳಿತವರು ಹೇಳುವುದಾದರೆ, ಅವನು ಆ ಅಪಾಯವನ್ನು ಹೊರುವುದಾದರೂ ಏತಕ್ಕೆ?

ಆ ಇಬ್ಬರ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಯಮಾಹಾ ಆ ವರ್ಷದ ಕೊನೆಗೆ ಪಂದ್ಯಗಳಿಂದ ಹಿಂದೆ ಸರಿಯಿತು. ಐವಿ ಕಾರಿನ ಪಂದ್ಯಗಳತ್ತ ಹೊರಟಿದ್ದವನು 1969ರಲ್ಲಿ ಜಾವಾ ಕಂಪನಿಯ 350ರ ಹೊಸ ಯಂತ್ರವನ್ನು ಓಡಿಸಲು ಮರಳಿ ಬಂದ. ಅಸೆನ್ನಿನಲ್ಲಿ ಎರಡನೆಯವನಾದ. ಅದಾಗಿ ಎರಡು ವಾರ; ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಎಂಜಿನ್ನು ಹಠಾತ್ತನೆ ಬಿಗಿದುಕೊಂಡಿತು. ಅವನು ಬಿದ್ದು ಸತ್ತ. ರೀಡ್ 1971ರಲ್ಲಿ ಕಂಪನಿಯ ನೆರವಿಲ್ಲದೆ ಯಮಾಹಾ ಗಾಡಿಯೊಂದನ್ನು ತಾನೇ ಸಜ್ಜುಗೊಳಿಸಿಕೊಂಡು 250ರ ಪಟ್ಟವನ್ನು ಗೆದ್ದ. ಅನಂತರ ಎಂ.ವಿ. ಸೇರಿ 1973ರಲ್ಲಿ 500ರ ಪಟ್ಟವನ್ನು ತನ್ನ ಜೊತೆಗಾರ ಅಗೊಸ್ತಿನಿಯಿಂದಲೇ ಕಿತ್ತುಕೊಂಡ. ಅಗೊಸ್ತಿನಿ ಮುನಿದು ಯಮಾಹಾಕ್ಕೆ ಹೋದ. 1975ರಲ್ಲಿ ಜಪಾನಿನ ಯಂತ್ರದ ಮೇಲೆ 500ರ ಪಟ್ಟ ಗೆದ್ದ ಮೊದಲ ಸವಾರನಾದ. ಒಡೆಯರು ಬದಲಾದರು, ಯಂತ್ರಗಳು ಬದಲಾದವು. ಆ ಇಬ್ಬರು ಹಟಮಾರಿಗಳು ಮಾತ್ರ ಹಾಗೆಯೇ ಇದ್ದರು.

ಸವಾರನ ಪಕ್ಷವನ್ನು ಹಿಡಿದ ನನಗೆ ತೊಡಕಾಗುವ ಒಂದು ಪ್ರಸಂಗವಿದೆ. ಅದನ್ನು ಮುಚ್ಚಿಟ್ಟರೆ ವಾದ ಪ್ರಾಮಾಣಿಕವಾಗದು. ಪೂರ್ವ ಜರ್ಮನಿಯ ಎಂ.ಝಡ್. ಎಂಬ ಬಡ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನಿದ್ದ. ಒಳ್ಳೆಯ ಲೋಹವಿಲ್ಲ, ಹಣವಿಲ್ಲ. ಆದರೂ ಹೊಗೆಕೊಳವೆಯೊಳಗಿನ ಒತ್ತಡದ ಅಲೆಗಳನ್ನು ಲೆಕ್ಕ ಹಾಕಿ, ಕೊಳವೆಗೆ ತಕ್ಕ ಆಕಾರ ಕೊಟ್ಟು, 1961ರ ವೇಳೆಗೆ 125 ಸಿ.ಸಿ. ಎಂಜಿನ್ನಿನಿಂದ 25 ಅಶ್ವಶಕ್ತಿಯನ್ನು ಹೊರಡಿಸಿದ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಆ ವರ್ಷ ಪಟ್ಟದ ಹೊಸ್ತಿಲಿಗೆ ಬಂದಿದ್ದ. ಬರ್ಲಿನ್ನಿನ ಗೋಡೆ ಎದ್ದು ಒಂದು ತಿಂಗಳಾಗಿತ್ತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಓಟದಲ್ಲಿ ಅವನ ಎಂಜಿನ್ನು ಕೆಟ್ಟಿತು. ಓಟ ಮುಗಿದೊಡನೆ ಅವನು ದೇಶ ಬಿಟ್ಟು ಓಡಿಹೋದ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಕಾಡೆನ್ನನ ವಿದ್ಯೆಯೂ ಅವನೊಡನೆ ದಾಟಿತು. 1962ರಲ್ಲಿ ಡೆಗ್ನರ್ ಸುಜುಕಿ ಕಂಪನಿಗೆ ಅದರ ಮೊದಲ ವಿಶ್ವ ಪಟ್ಟವನ್ನು, 50 ಸಿ.ಸಿ.ಯಲ್ಲಿ, ಗೆದ್ದುಕೊಟ್ಟ. ಎಂ.ಝಡ್.ಗೆ ಅಂಥ ಪಟ್ಟ ಎಂದೂ ದೊರೆಯಲಿಲ್ಲ.

ಗೋಡೆಯ ದೇಶವನ್ನು ಬಿಟ್ಟು ಹೋಗುವ ಹಕ್ಕು ಡೆಗ್ನರನಿಗೆ ಇರಲಿಲ್ಲವೆಂದು ನಾನು ಹೇಳಲಾರೆ. ತನ್ನ ಕೈಚಳಕವನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯುವ ಸ್ವಾತಂತ್ರ್ಯ ಸವಾರನಿಗೆ ಇರಲೇಬೇಕು. ಆದರೆ ಕಾಡೆನ್ನನ ಲೆಕ್ಕಗಳು ಡೆಗ್ನರನ ಕೈಚಳಕವಲ್ಲ. ತಯಾರಕನೆಂದರೆ ಬರಿಯ ಹಣದ ಚೀಲವಲ್ಲ, ಅಲ್ಲಿ ಮಸಿ ಮೆತ್ತಿಕೊಂಡು ರಾತ್ರಿಯೆಲ್ಲ ಕುಳಿತ ಒಬ್ಬ ಕಾಡೆನ್ ಇರುತ್ತಾನೆ. ಅವನು ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಇನ್ನು ನಮ್ಮ ಮಿತ್ರರ ಆರಾಧ್ಯದೈವ ವ್ಯಾಲೆಂಟಿನೋ ರೋಸ್ಸಿಯ ವಿಷಯ. 2001, 2002, 2003ರಲ್ಲಿ ಅವನು ಹೋಂಡಾದ ಮೇಲೆ ಹಿರಿಯ ವರ್ಗದ ಪಟ್ಟಗಳನ್ನು ಗೆದ್ದಾಗ, ಸರ್ಟೀಸನಿಗೆ ಹೇಳಿದ್ದನ್ನೇ ಇವನಿಗೂ ಹೇಳಿದರು: ಗೆದ್ದದ್ದು ಹೋಂಡಾ ಎಂದು. ರೋಸ್ಸಿ ಯಮಾಹಾಕ್ಕೆ ಹೊರಟ. ಯಮಾಹಾಕ್ಕೆ 1992ರ ಅನಂತರ ಹಿರಿಯ ಪಟ್ಟವಿರಲಿಲ್ಲ. 2003ರಲ್ಲಿ ಒಂದು ಓಟವನ್ನೂ ಅದು ಗೆದ್ದಿರಲಿಲ್ಲ. ಕರಾರು ಮುಗಿಯುವ ಡಿಸೆಂಬರ್ 31ರವರೆಗೆ ಹೊಸ ಯಂತ್ರವನ್ನು ಮುಟ್ಟಗೊಡದೆ ಹೋಂಡಾ ಅವನನ್ನು ಹಿಡಿದಿಟ್ಟಿತು. 2004ರ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕದ ವೆಲ್ಕಮ್ಮಿನಲ್ಲಿ ಯಮಾಹಾದ ಮೇಲೆ ಅವನ ಮೊದಲ ಓಟ. ಹೋಂಡಾದ ಮೇಲಿದ್ದ ಮ್ಯಾಕ್ಸ್ ಬಿಯಾಜಿಯನ್ನು ಅವನು ಒಂದು ಸೆಕೆಂಡಿನ ಕಾಲುಭಾಗಕ್ಕಿಂತ ಕಡಮೆ ಅಂತರದಲ್ಲಿ ಸೋಲಿಸಿದ. ಆಮೇಲೆ ಯಂತ್ರವನ್ನು ಬದಿಗೆ ನಿಲ್ಲಿಸಿ, ನೆಲದ ಮೇಲೆ ಕುಳಿತು, ತಲೆ ಬಗ್ಗಿಸಿಕೊಂಡ. ಆ ವರ್ಷದ 16 ಓಟಗಳಲ್ಲಿ ಒಂಬತ್ತನ್ನೂ ಪಟ್ಟವನ್ನೂ ಅವನೇ ಗೆದ್ದ.

ಹಾಗಾದರೆ ಸವಾರನೇ ಎಲ್ಲವೇ? ಅವಸರ ಬೇಡ. ಇದೇ ರೋಸ್ಸಿ 2011ರಲ್ಲಿ ತನ್ನ ದೇಶದ ಡುಕಾಟಿಯನ್ನು ಸೇರಿದ. ಹಿಂದಿನ ವರ್ಷ ಕೇಸಿ ಸ್ಟೋನರ್ ಮೂರು ಓಟಗಳನ್ನು ಗೆದ್ದಿದ್ದ ಕಂಪನಿಯ ಗಾಡಿ ಅದು. ಎರಡು ಇಡೀ ವರ್ಷಗಳಲ್ಲಿ ರೋಸ್ಸಿಗೆ ಒಂದು ಗೆಲುವೂ ದಕ್ಕಲಿಲ್ಲ. ವೆಲ್ಕಮ್ಮನ್ನು ಮಾತ್ರ ಹೇಳಿ ಡುಕಾಟಿಯ ಮಾತು ಬಂದಾಗ ಎದ್ದುಹೋಗುವ ಮಿತ್ರರನ್ನು ನಾನು ಬಲ್ಲೆ.

2015ರ ಮಲೇಷಿಯದ ಜಗಳವನ್ನು ನಾನಿಲ್ಲಿ ವಿಸ್ತರಿಸುವುದಿಲ್ಲ. ಅದು ಎಲ್ಲರ ಬಾಯಲ್ಲೂ ಇದೆ. ಒಂದನ್ನು ಮಾತ್ರ ಹೇಳಬೇಕು. ರೋಸ್ಸಿಯೂ ಮಾರ್ಕೆಸನೂ ಕಾದಾಡಿದರು, ಪಟ್ಟ ಐದು ಅಂಕಗಳಿಂದ ಲೊರೆನ್ಸೋಗೆ ಹೋಯಿತು. ಆದರೆ ರೋಸ್ಸಿಯೂ ಲೊರೆನ್ಸೋನೂ ಯಮಾಹಾದವರೇ! ಯಾರು ಗೆದ್ದರೂ ಯಮಾಹಾಕ್ಕೆ ನಷ್ಟವಿರಲಿಲ್ಲ. ಜಗತ್ತೆಲ್ಲ ಎರಡು ಪಕ್ಷವಾಗಿ ಬೈದಾಡುತ್ತಿದ್ದಾಗ ಕಾರ್ಖಾನೆಯ ಲೆಕ್ಕದ ಪುಸ್ತಕ ನೆಮ್ಮದಿಯಾಗಿತ್ತು. ಹಾಗೆಂದು ಇವರು ನಿಷ್ಠಾವಂತರೆಂದೂ ತಿಳಿಯಬೇಡಿ. 1957ರಲ್ಲಿ ಇಟಲಿಯವರು ಹೋದರು, 1968ರಲ್ಲಿ ಜಪಾನಿನವರು ಹೋದರು; 2020ರಲ್ಲಿ ಪಟ್ಟ ಗೆದ್ದ ಸುಜುಕಿ 2022ರ ಕೊನೆಗೆ ಹೊರಟುಹೋಯಿತು. ಹೋಗುವುದು ನಿಶ್ಚಯವಾದ ಮೇಲೂ ಅದರ ಸವಾರ ಅಲೆಕ್ಸ್ ರಿನ್ಸ್ ಕೊನೆಯ ಓಟವನ್ನು ಅದರ ಗಾಡಿಯ ಮೇಲೆಯೇ ಗೆದ್ದ. ಸವಾರರು ಮಾತಿಗೆ ತಪ್ಪುತ್ತಾರೆಂದು ದೂರುವವರು ಈ ಪಟ್ಟಿಯನ್ನೂ ಒಮ್ಮೆ ಓದಬೇಕು.

2024ರಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇನೆ. ಆ ವರ್ಷ 20 ಓಟಗಳಲ್ಲಿ 19ನ್ನು ಡುಕಾಟಿ ಯಂತ್ರಗಳೇ ಗೆದ್ದವು. ಕಣದಲ್ಲಿದ್ದ ಎಂಟು ಡುಕಾಟಿಗಳಲ್ಲಿ ಕಂಪನಿಯ ಸ್ವಂತ ತಂಡದವು ಎರಡು. ಉಳಿದವು ಗಾಡಿಗಳನ್ನು ಪಡೆದು ಓಡಿಸುವ ಬೇರೆ ತಂಡಗಳವು. ಅಂಥ ಒಂದು ತಂಡದ ಸ್ಪೇನಿನ ಸವಾರ ಹೊರ್ಹೆ ಮಾರ್ತಿನ್, ಮುಂದಿನ ವರ್ಷ ತನ್ನನ್ನು ಸ್ವಂತ ತಂಡಕ್ಕೆ ತೆಗೆದುಕೊಳ್ಳಬೇಕೆಂದು ಕಾದಿದ್ದ. ಕಂಪನಿ ಅವನನ್ನು ಬಿಟ್ಟು ಮಾರ್ಕೆಸನನ್ನು ಆರಿಸಿತು. ಮಾರ್ತಿನ್ ಏಪ್ರಿಲಿಯಾ ಕಂಪನಿಗೆ ಸಹಿ ಹಾಕಿದ. ವರ್ಷ ಮುಗಿಯುವುದರೊಳಗೆ, ಕಂಪನಿಯ ಸ್ವಂತ ಸವಾರನಾದ, 11 ಓಟಗಳನ್ನು ಗೆದ್ದ ಫ್ರಾಂಚೆಸ್ಕೊ ಬಾನ್ಯಾಯಾನನ್ನು 508ಕ್ಕೆ 498 ಅಂಕಗಳಿಂದ ಹಿಂದಿಕ್ಕಿ ವಿಶ್ವ ಚಾಂಪಿಯನ್ ಆದ. ಹೊರಟುಹೋಗುವವನಿಗೆ ಗೆಲ್ಲುವ ಯಂತ್ರವನ್ನು ಕೊನೆಯವರೆಗೂ ಕೊಟ್ಟದ್ದಕ್ಕೆ ಡುಕಾಟಿಯನ್ನು ಮೆಚ್ಚಬೇಕು. 1968ರ ಯಮಾಹಾ ಹೀಗೆ ಮಾಡಿರಲಿಲ್ಲ. ಚಾಂಪಿಯನ್ ಆದವನು ಮರುವರ್ಷ ತನ್ನ ಗಾಡಿಯ ಮೇಲೆ 1 ಎಂಬ ಅಂಕಿಯನ್ನು ಬರೆಸಿಕೊಳ್ಳಬಹುದು. ಆ ಅಂಕಿ ಹೋಗುವುದು ಸವಾರನ ಜೊತೆಗೆ. 2025ರಲ್ಲಿ ಅದು ಏಪ್ರಿಲಿಯಾ ಗಾಡಿಯ ಮೇಲಿತ್ತು. ಮಾರ್ತಿನ್ ಆ ವರ್ಷದ ಮೊದಲ ಅಭ್ಯಾಸದಲ್ಲಿಯೇ ಬಿದ್ದು ಗಾಯಗೊಂಡು, ಬಹಳಷ್ಟು ಓಟಗಳಿಗೆ ಬರಲಾಗಲಿಲ್ಲ. ಪಟ್ಟ ಡುಕಾಟಿಯ ಮಾರ್ಕೆಸನಿಗೆ ಹೋಯಿತು.